ಹೊಸ ಸಹಿ ಹಾಕಿದ ಹಾಳೆ

ಏಪ್ರಿಲ್ 12, 2025, ಶನಿವಾರ
ಕಮತಗಿ

ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ! ಎಣಿಸುತ್ತಿದ್ದೇನೆ ಎಂದು ಗೊತ್ತಾದರೆ ಸಂಗು ನಗುತ್ತಾನೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಹೌದು, ಸಂಗು. ಮನೆಯಲ್ಲಿ ಎಲ್ಲರೆದುರು ‘ಇವರು’, ‘ಏನ್ರಿ’. ಈ ಪುಸ್ತಕದೊಳಗೆ ಮಾತ್ರ ಸಂಗು, ಸಂಗು, ಸಂಗು! ಹುನಗುಂದದ ಬ್ಯಾಂಕಿನಲ್ಲಿ ಅವನಿಗೆ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ನನಗೆ ಕೊಡುವಾಗ ಮೊದಲ ಪುಟದಲ್ಲಿ ಒಂದು ಗುಲಾಬಿ ಬರೆದು ಕೊಟ್ಟ. ಗುಲಾಬಿಯೋ ಹೂಕೋಸೋ ಎಂದು ಕೇಳಿದ್ದಕ್ಕೆ ಅರ್ಧ ದಿನ ಮುನಿಸಿಕೊಂಡಿದ್ದ.

ಮೊದಲ ಎರಡು ಪುಟ ಇಂಗ್ಲಿಷಿನಲ್ಲಿ ಬರೆದು ಹರಿದು ಹಾಕಿದೆ. ಎಲ್‌ಕೆಜಿಯಿಂದ ಡಿಗ್ರಿಯವರೆಗೆ ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಿದವಳು ನಾನು. ಆದರೂ ಅತ್ತೆಯ ಮಾತನ್ನು ಇಂಗ್ಲಿಷಿನಲ್ಲಿ ಬರೆದರೆ ಅದು ಬೇರೆ ಯಾರದೋ ಅತ್ತೆಯ ಮಾತಿನ ಹಾಗೆ ಕೇಳುತ್ತದೆ.

ಮನೆಯಲ್ಲಿ ಅತ್ತೆ, ಭಾವ ಹೊಳಬಸಪ್ಪ, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ ದಾನಮ್ಮಕ್ಕ, ಮತ್ತೆ ಅವರ ಒಂದೂವರೆ ವರ್ಷದ ಮಗ. ಭಾವನವರದು ಬಸ್‌ಸ್ಟ್ಯಾಂಡಿನ ಹತ್ತಿರ ಪೈಪು, ಮೋಟಾರಿನ ಅಂಗಡಿ. ಕೂಸಿಗೆ ತೀರಿಹೋದ ಮಾವನವರ ಹೆಸರನ್ನೇ ಇಟ್ಟಿದ್ದಾರೆ, ಕಲ್ಲಪ್ಪ. ಆದರೆ ಸೊಸೆ ಮಾವನ ಹೆಸರು ಹೇಳುವಂತಿಲ್ಲ, ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹಾಗಾಗಿ ಅತ್ತೆಯೂ ದಾನಮ್ಮಕ್ಕನೂ ಅವನನ್ನು ‘ಮುತ್ಯಾ’ ಎಂದು ಕರೆಯುತ್ತಾರೆ. ಅಜ್ಜ! ಹಾಲುಹಲ್ಲಿನ ಅಜ್ಜ! ನಾನಂತೂ ಮೊದಲ ದಿನವೇ ಅವನ ಪ್ರೇಮದಲ್ಲಿ ಬಿದ್ದೆ.

ಇನ್ನೊಂದು ಗುಟ್ಟು. ಡೈರಿಯ ಕೊನೆಯ ಆರು ಪುಟಗಳ ತುಂಬ ಹೊಸ ಸಹಿ ಅಭ್ಯಾಸ ಮಾಡಿದ್ದೇನೆ. ಎಸ್. ಎಸ್. ಹಳ್ಳೂರ. ಶಿವಗಂಗಾ ಸಂಗಮೇಶ ಹಳ್ಳೂರ! ಎರಡೂ ಎಸ್ ಕೊರಳು ಕೂಡಿಸಿದ ಹಂಸಗಳ ಹಾಗೆ ಬರಬೇಕು. ಇವತ್ತು ಕೊನೆಗೂ ಬಂತು. ಆದರೆ ಅದನ್ನು ಹಾಕಲು ಒಂದು ಕಾಗದವಾದರೂ ಬೇಕಲ್ಲ?

ಏಪ್ರಿಲ್ 16, ಬುಧವಾರ

ಇವತ್ತು ಈ ಮನೆಯ ಹೀರೋಯಿನ್ ನಾನು!

ಮುತ್ಯಾನಿಗೆ ನಿನ್ನೆಯಿಂದ ವಾಂತಿ, ಭೇದಿ. ಬೆಳಿಗ್ಗೆ ಕಣ್ಣು ಒಳಗೆ ಹೋಗಿದ್ದವು, ಅತ್ತರೆ ಕಣ್ಣೀರೇ ಇಲ್ಲ. ಭಾವ ಮಾಲು ತರಲು ಇಳಕಲ್ಲಿಗೆ ಹೋಗಿದ್ದರು, ಸಂಗು ಬ್ಯಾಂಕಿಗೆ. ಅತ್ತೆ ಓಣಿಯ ಮೀರಾಸಾಬರ ವ್ಯಾನು ಕರೆಸಿದರು. ಜೊತೆಗೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ.

“ಗಂಗಾ ಹೋಗ್ಲಿ. ಬಾಗಲಕೋಟಿ ಆಕಿ ತವರೂರು. ಡಾಕ್ಟರ ಕೂಡ ಇಂಗ್ಲೀಷಿನ್ಯಾಗ ಮಾತಾಡಿದ್ರ ಲಗೂ ನೋಡ್ತಾರ” ಎಂದರು ಅತ್ತೆ.

ಬಾಗಲಕೋಟೆಯ ನವನಗರದ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗ. ಕೌಂಟರಿನಲ್ಲಿ ನರ್ಸು ಕೂಸಿನ ಹೆಸರು ಕೇಳಿದರೆ ದಾನಮ್ಮಕ್ಕ ಸುಮ್ಮನೆ ನಿಂತುಬಿಟ್ಟಳು. ನರ್ಸು ಮತ್ತೆ ಕೇಳಿದಳು. “ಮುತ್ಯಾ ಅಂತ ಬರ್ಕೋರಿ” ಎಂದಳು ಅಕ್ಕ. ನನಗೆ ನಗು ತಡೆಯಲಾಗಲಿಲ್ಲ. ಮುಂದೆ ಹೋಗಿ ಸ್ಪಷ್ಟವಾಗಿ ಹೇಳಿದೆ: ಕಲ್ಲಪ್ಪ ಹೊಳಬಸಪ್ಪ ಹಳ್ಳೂರ. ಅಷ್ಟರ ಮೇಲೆ ನರ್ಸು ಎಲ್ಲವನ್ನೂ ನನ್ನನ್ನೇ ಕೇಳತೊಡಗಿದಳು. ಅವಳ ಹೆಸರು ನಾಹಿದಾ, ಬಹಳ ಚುರುಕು. ಅಕ್ಕ ಕೂಸನ್ನು ಎತ್ತಿಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದಳು.

ಮಧ್ಯಾಹ್ನದವರೆಗೆ ಸಲೈನ್ ಹಾಕಿದರು. ಮೂರು ಗಂಟೆಗೆ ಮುತ್ಯಾ ಉಚ್ಚೆ ಹೊಯ್ದ. ಡಾಕ್ಟರ್ ತೌಸಿಫ ಅದನ್ನು ಕೇಳಿ ಪದಕ ಬಂದವರಂತೆ ಖುಷಿಪಟ್ಟರು! ಚಿಕ್ಕ ವಯಸ್ಸಿನವರು. ಪಕ್ಕದ ಹಾಸಿಗೆಯವರ ಜೊತೆ ನಮ್ಮ ಮಾತಿನಲ್ಲೇ ಮಾತನಾಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದ ಮೇಲೆ ಅವರೂ ಇಂಗ್ಲಿಷಿಗೆ ಬಂದರು. ಅಕ್ಕ ಪರದೆಯ ಆಚೆ ಮೊಲೆ ಕೊಡುತ್ತ ಕೂತಿದ್ದಳು. ಡಾಕ್ಟರು ಮನೆಯಲ್ಲಿ ಏನು ಮಾಡಬೇಕೆಂದು ಬರೆದ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಕೆಳಗಿಳಿಯುತ್ತ ವಿವರಿಸಿದರು. ಅದೇ ಹೊತ್ತಿಗೆ ಸಂಗುವಿನ ಮೆಸೇಜು, ಒಂದರ ಹಿಂದೆ ಒಂದು. ಕೂಸು ಹೇಗಿದೆ, ನೀನು ಉಂಡೆಯಾ, ನನ್ನ ಡಾಕ್ಟರಮ್ಮ ಹೇಗಿದ್ದಾಳೆ! ಏನಾದರೂ ಸಂಶಯ ಇದೆಯೇ ಎಂದು ಡಾಕ್ಟರು ಕೇಳಿದಾಗ, “ನೋ ಡಾಕ್ಟರ್, ಆಲ್ ಕ್ಲಿಯರ್” ಎಂದೆ.

ಆಮೇಲೆ ಸಹಿ! ಎಲ್ಲವನ್ನೂ ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ್ದಾರೆ ಎಂದು ಹಾಳೆಯ ಕೆಳಗೆ ಅಚ್ಚಾಗಿತ್ತು. ಅದರಡಿಯಲ್ಲಿ ಎಸ್. ಎಸ್. ಹಳ್ಳೂರ, ಆಸ್ಪತ್ರೆಯ ಪ್ರತಿಗೂ ನಮ್ಮ ಪ್ರತಿಗೂ. ನನ್ನ ಮೊದಲ ನಿಜವಾದ ಸಹಿ. ಹಂಸಗಳು ಎಷ್ಟು ಚೆನ್ನಾಗಿ ಕೂತವು ಎಂದರೆ ನಾಹಿದಾ ಕೂಡ ಒಮ್ಮೆ ನೋಡಿದಳು.

ವ್ಯಾನಿನಲ್ಲಿ ಅಕ್ಕ ಡಾಕ್ಟರು ಏನೆಂದರು ಎಂದು ಕೇಳಿದಳು. ಓಆರ್‌ಎಸ್ ಪುಡಿ ನೀರಿನಲ್ಲಿ ಕಲಸಿ ಕುಡಿಸಬೇಕು, ಗುಳಿಗೆ ದಿನಕ್ಕೊಂದು, ಬೇಡವೆಂದರೂ ಬಿಡಬಾರದು. ಎಲ್ಲಾ ಹೇಳಿದೆ. ಪುಡಿಯ ಪಾಕೀಟು, ಗುಳಿಗೆ ಇದ್ದ ಚೀಲ ಅವಳ ಕೈಗೆ ಕೊಟ್ಟೆ. ಹಾಳೆ ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡೆ, ಸಂಗುವಿಗೆ ಸಹಿ ತೋರಿಸಬೇಕಲ್ಲ! ಈಗ ಈ ಪುಟದಲ್ಲೇ ಮಡಿಸಿಡುತ್ತೇನೆ.

ಏಪ್ರಿಲ್ 17, ಗುರುವಾರ

ಸಂಗು ಸಹಿ ನೋಡಿ, “ಇದರಾಗ ನಾ ಎಲ್ಲಿ ಅದೇನಿ?” ಎಂದ. ಎರಡನೆಯ ಎಸ್ ನೀನೇ ಎಂದೆ. ಭಾನುವಾರ ಇಬ್ಬರೇ ಐಹೊಳೆಗೆ ಹೋಗಿಬರೋಣ ಎಂದಿದ್ದಾನೆ! ಐಹೊಳೆ ದಾನಮ್ಮಕ್ಕನ ತವರು. ಅವಳಿಗೆ ಅಲ್ಲಿ ನೋಡುವಂಥದ್ದು ಏನಿದೆ ಎಂದೇ ಗೊತ್ತಿಲ್ಲ. ಸಣ್ಣವಳಿದ್ದಾಗ ಗುಡಿಗಳ ನಡುವೆ ಎಮ್ಮೆ ಕಾಯುತ್ತಿದ್ದಳಂತೆ.

ಮುತ್ಯಾನ ಭೇದಿ ಕಡಿಮೆಯಾಗಿದೆ. ಆದರೆ ಹಟ ವಿಪರೀತ. ಬೆಳಿಗ್ಗೆ ಅಕ್ಕ ಪುಡಿಯ ನೀರನ್ನು ನಾಲಗೆಗೆ ಹಚ್ಚಿಕೊಂಡು, “ಭಾಳ ಉಪ್ಪ ಐತಲ್ಲ ಗಂಗಾ?” ಎಂದಳು. “ಔಷಧ ಅಕ್ಕಾ, ಶರಬತ್ತಲ್ಲ” ಎಂದೆ. ಅತ್ತೆಗೆ ನಗು ಬಂತು. ಅಕ್ಕನೂ ನಕ್ಕಳು.

ಸಂಜೆ ಕೂಸು ತಂಬಿಗೆ ನೋಡಿ ನೀರು, ನೀರು ಎಂದು ಒಂದೇ ಸಮನೆ ಅಳುತ್ತಿದ್ದ. ಬರೀ ನೀರು ಕುಡಿದರೆ ಹೊಟ್ಟೆ ತುಂಬಿ ಪುಡಿಯ ನೀರು ಹೋಗುವುದಿಲ್ಲವಲ್ಲ ಎಂದು ನಾನೇ ತಂಬಿಗೆಯನ್ನು ಮೇಲೆ ಎತ್ತಿಟ್ಟೆ.

ಏಪ್ರಿಲ್ 18, ಶುಕ್ರವಾರ

ಎರಡು ಸಲ ಪೆನ್ನು ಕೆಳಗಿಟ್ಟೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಮುತ್ಯಾ ಏಳಲಿಲ್ಲ. ಮೈ ಸುಡುತ್ತಿತ್ತು. ಎತ್ತಿದರೆ ಕಿರುಚುತ್ತಾನೆ, ಇಳಿಸಿದರೆ ಕಣ್ಣು ಮುಚ್ಚುತ್ತಾನೆ. ಒಂಬತ್ತರ ಹೊತ್ತಿಗೆ ಬಲಗೈ, ಬಲಗಾಲು ಎಳೆಯತೊಡಗಿದವು. ಮತ್ತೆ ಮೀರಾಸಾಬರ ವ್ಯಾನು. ಈ ಸಲ ಅತ್ತೆ, ಭಾವ ಎಲ್ಲರೂ.

ದಾರಿಯಲ್ಲಿ ದಾನಮ್ಮಕ್ಕ ಅವನ ಗಲ್ಲ ತಟ್ಟುತ್ತ ಮುತ್ಯಾ, ಮುತ್ಯಾ ಎನ್ನುತ್ತಿದ್ದಳು. ಅವನು ಕಣ್ಣು ತೆರೆಯಲಿಲ್ಲ. ಹೆದ್ದಾರಿ ಹತ್ತಿದ ಮೇಲೆ ಅವಳು ಒಮ್ಮೆಲೇ ಗಟ್ಟಿಯಾಗಿ ಕರೆದಳು: “ಕಲ್ಲಪ್ಪಾ. ಏ ಕಲ್ಲಪ್ಪಾ.”

ಸ್ವಲ್ಪ ಹೊತ್ತಿಗೆ ಅತ್ತೆ ಕೂಡ ಬಾಗಿ ಅವನ ಕಿವಿಯ ಹತ್ತಿರ ಬಾಯಿ ಇಟ್ಟರು. ಅವರೂ ಅದೇ ಹೆಸರು ಹಿಡಿದು ಕರೆದರು. ನಲವತ್ತು ವರ್ಷ ನಾಲಗೆಯ ಮೇಲೆ ತರದ ಹೆಸರು. ಇಬ್ಬರೂ ನವನಗರ ಬರುವವರೆಗೆ ಕರೆಯುತ್ತಲೇ ಇದ್ದರು. ಮೊನ್ನೆ ಕೌಂಟರಿನಲ್ಲಿ ಅಷ್ಟು ಸುಲಭವಾಗಿ ಹೇಳಿದ್ದ ನನಗೆ ಬಾಯಿಯೇ ತೆರೆಯಲಾಗಲಿಲ್ಲ.

ಡಾಕ್ಟರ್ ತೌಸಿಫ ಇದ್ದರು. ರಕ್ತ ತೆಗೆದರು, ಒಳಗೆ ಒಯ್ದರು. ಒಂದು ತಾಸಿನ ಮೇಲೆ ಹೊರಗೆ ಬಂದು, ರಕ್ತದಲ್ಲಿ ಉಪ್ಪಿನ ಅಂಶ ಬಹಳ ಏರಿದೆ, ಮಿದುಳಿಗೆ ತ್ರಾಸಾಗಿದೆ, ಗಡಿಬಿಡಿಯಲ್ಲಿ ಇಳಿಸಲು ಬರುವುದಿಲ್ಲ, ಎರಡು ಮೂರು ದಿನ ಹಿಡಿಯುತ್ತದೆ ಎಂದರು. ಆಮೇಲೆ ದಾನಮ್ಮಕ್ಕನನ್ನು ನೋಡಿ ಕೇಳಿದರು.

“ಪುಡಿ ಎಷ್ಟ ನೀರಾಗ ಕಲಸ್ತಿದ್ರಿ?”

“ಒಂದ ಗ್ಲಾಸಿನ್ಯಾಗ್ರಿ. ಒಂದ ಪಾಕೀಟ.”

“ಒಂದ ಪಾಕೀಟ ಒಂದ ಲೀಟರಿಗೆ. ಯಾರ ಹೇಳಿದ್ರಿ ನಿಮಗ ಗ್ಲಾಸ ಅಂತ?”

ಅಕ್ಕ ನನ್ನ ಕಡೆ ನೋಡಿದಳು. ಎಷ್ಟು ಹೊತ್ತು ನೋಡಿದಳೋ ಗೊತ್ತಿಲ್ಲ. ಆಮೇಲೆ ನೆಲ ನೋಡಿದಳು.

“ನನಗ ಹಂಗ ತಿಳೀತ್ರಿ” ಎಂದಳು.

ಭಾವ ಅಲ್ಲೇ, ಎಲ್ಲರ ಮುಂದೆ, ಅವಳನ್ನು ಬೈದರು. ಮಗನನ್ನು ಕೊಲ್ಲಾಕ ನಿಂತೀಯೇನು ಎಂದರು. ಡಾಕ್ಟರು ಫೈಲು ತಿರುವಿ, ನಾವು ಎಲ್ಲ ವಿವರಿಸಿ ಸಹಿ ತೆಗೆದುಕೊಂಡಿದ್ದೇವೆ ಎಂದರು. ನನ್ನ ಎರಡು ಹಂಸಗಳು ದೂರದಿಂದಲೇ ಕಂಡವು.

ಮನೆಗೆ ಬಂದು ಈ ಪುಸ್ತಕ ತೆರೆದೆ. ಹಾಳೆ ಇಲ್ಲೇ ಇತ್ತು. ಬುಧವಾರದಿಂದ ಇಲ್ಲೇ ಇದೆ. ಎರಡನೆಯ ಸಾಲು: ಒಂದು ಪಾಕೀಟು, ಒಂದು ಲೀಟರ್ ಕುದಿಸಿ ಆರಿಸಿದ ನೀರು. ಐದನೆಯ ಸಾಲು: ಕೂಸು ಮಂಕಾದರೆ, ಅತಿಯಾಗಿ ಬಾಯಾರಿದರೆ, ಕುಡಿಯದಿದ್ದರೆ ತಕ್ಷಣ ಕರೆದು ತನ್ನಿ. ಎಲ್ಲ ಇಂಗ್ಲಿಷಿನಲ್ಲಿ. ಎಲ್ಲ ನನಗೆ ಅರ್ಥವಾಗುವ ಭಾಷೆಯಲ್ಲಿ.

ಏಪ್ರಿಲ್ 19, ಶನಿವಾರ

ಬುಧವಾರದ ಪುಟ ಮತ್ತೆ ಓದಿದೆ. ‘ಎಲ್ಲಾ ಹೇಳಿದೆ’ ಎಂದು ಬರೆದಿದ್ದೇನೆ. ಅಕ್ಕ ಆಗ ಇನ್ನೇನೋ ಕೇಳಿದಂತೆ ನೆನಪು. ನಾನು ಏನು ಹೇಳಿದೆನೋ ನೆನಪಿಲ್ಲ. ವ್ಯಾನಿನ ಸಪ್ಪಳ ಬಹಳ ಇತ್ತು.

ಪಾಕೀಟಿನ ಮೇಲೂ ಬರೆದಿರುತ್ತದೆ. ಯಾರಾದರೂ ತಿರುಗಿಸಿ ನೋಡಬಹುದಿತ್ತು.

ಕೂಸು ಇನ್ನೂ ಐಸಿಯುವಿನಲ್ಲಿದೆ. ಕಣ್ಣು ತೆರೆದಿಲ್ಲ.

ಏಪ್ರಿಲ್ 20, ಭಾನುವಾರ

ಸಪ್ಪಳ ಇರಲಿಲ್ಲ. ನೆನಪಿದೆ.

ಶಿರೂರು ದಾಟಿದ ಮೇಲೆ ಮೀರಾಸಾಬರು ಹಾಡು ಬಂದ್ ಮಾಡಿದ್ದರು, ಕೂಸು ಮಲಗಿತ್ತು ಎಂದು. ನಾನು ಫೋನಿನಲ್ಲಿ ಸಂಗುವಿಗೆ ಉತ್ತರ ಬರೆಯುತ್ತಿದ್ದೆ. ಅಕ್ಕ ಪಾಕೀಟೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದರ ಮೇಲಿದ್ದದ್ದು ಇಂಗ್ಲಿಷು, ಸಾಸಿವೆಯಷ್ಟು ಸಣ್ಣ ಅಕ್ಷರ. ಏಳನೆಯ ತರಗತಿಯವರೆಗೆ ಐಹೊಳೆಯ ಕನ್ನಡ ಸಾಲಿಯಲ್ಲಿ ಓದಿದವಳು. ಅದನ್ನು ನನ್ನ ಮುಂದೆ ಹಿಡಿದು ಕೇಳಿದಳು.

“ಇದು ಎಷ್ಟ ನೀರಿಗೆ, ಗಂಗಾ?”

ನಾನು ಫೋನಿನಿಂದ ತಲೆ ಎತ್ತಲಿಲ್ಲ.

“ಒಂದ ಗ್ಲಾಸಿಗೆ” ಎಂದೆ.

ಡಾಕ್ಟರು ಹೇಳಿದ್ದು ನನಗೆ ಕೇಳಿಸಿರಲೇ ಇಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಹಾಳೆ ನನ್ನ ಪರ್ಸಿನಲ್ಲೇ ಇತ್ತು, ತೆಗೆದು ಓದಬಹುದಿತ್ತು. ಇಂಗ್ಲಿಷ್ ಬಲ್ಲವಳೆಂದು ಕರೆತಂದಿದ್ದಾರೆ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

ಅವಳು ಮತ್ತೆ ಒಮ್ಮೆ ಕೇಳಿದ್ದಳು, ಗುರುವಾರ, ಉಪ್ಪು ಬಹಳ ಆಯಿತಲ್ಲ ಎಂದು. ಆಗ ನಾನು ಮಾಡಿದ್ದು ತಮಾಷೆ.

ಮಧ್ಯಾಹ್ನ ಆಸ್ಪತ್ರೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದಾಗ ಭಾವ ಒಂದು ತೀರ್ಮಾನ ಹೇಳಿದರು. “ಇನ್ನ ಕೂಸಿನ ಔಷಧಕ್ಕ ನೀ ಕೈ ಹಚ್ಚಬ್ಯಾಡ. ಗಂಗಾ ನೋಡ್ಕೋತಾಳ.” ಅತ್ತೆಯೂ ಹೌದೆಂದರು. ಕಲಿತವಳ ಕೈಯಲ್ಲಿರಲಿ ಎಂದರು. ಅಕ್ಕ ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಇಟ್ಟಳು. ಔಷಧದ ಚೀಲವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಅದರೊಳಗೆ ಉಳಿದ ಎರಡು ಪಾಕೀಟುಗಳೂ ಇದ್ದವು.

ನಾನು ಚೀಲ ತೆಗೆದುಕೊಂಡೆ.

ಏಪ್ರಿಲ್ 21, ಸೋಮವಾರ

ಕಣ್ಣು ತೆರೆದ. ತಾಯಿಯನ್ನು ಗುರುತಿಸಿದ. ಕೈಕಾಲು ಎಲ್ಲ ಆಡಿಸುತ್ತಾನೆ. ಉಪ್ಪು ಇಳಿಯುತ್ತಿದೆ, ಆದರೆ ಮುಂದಿನ ಕೆಲವು ತಿಂಗಳು ಬೆಳವಣಿಗೆ ನೋಡುತ್ತಿರಬೇಕು, ಈಗಲೇ ಏನೂ ಹೇಳಲಾಗದು ಎಂದಿದ್ದಾರೆ ಡಾಕ್ಟರು.

ಸಂಗು ನನ್ನ ಕೈ ಹಿಡಿದು, ಮೂರು ದಿನದಿಂದ ನೀನು ಉಂಡಿಲ್ಲ, ನಿನಗೆ ಕೂಸಿನ ಮೇಲೆ ಎಷ್ಟು ಜೀವ ಎಂದ. ನಾನು ಕೈ ಬಿಡಿಸಿಕೊಂಡೆ. ದಣಿವು ಎಂದುಕೊಂಡ.

ಏಪ್ರಿಲ್ 22, ಮಂಗಳವಾರ

ಕೂಸನ್ನು ವಾರ್ಡಿಗೆ ತಂದಿದ್ದಾರೆ. ಮಧ್ಯಾಹ್ನ ಔಷಧದ ಹೊತ್ತಿಗೆ ಅಕ್ಕ ಎದ್ದು ನಿಂತು, ಬದಿಗೆ ಸರಿದು, ನನಗೆ ಜಾಗ ಬಿಟ್ಟಳು. ನಾನು ಗುಳಿಗೆಯನ್ನು ಚಮಚದ ನೀರಿನಲ್ಲಿ ಕರಗಿಸಿ ಕೊಟ್ಟೆ. ಕೂಸು ಅವಳ ಕಡೆ ಕೈ ಚಾಚಿ ಅತ್ತಿತು. ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು.

ಪಕ್ಕದ ಹಾಸಿಗೆಯ ಅಜ್ಜಿ ಅತ್ತೆಯನ್ನು ಕೇಳಿದಳು, ಕೂಸಿನ ತಾಯಿ ಯಾರು ಎಂದು. ಅತ್ತೆ ಅಕ್ಕನನ್ನು ತೋರಿಸಿ, ಆಕೆಯೇ, ಆದರೆ ಆಕೆಗೆ ತಿಳಿಯುವುದಿಲ್ಲ ಎಂದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬಿಸಿಲು ಬಹಳ ಇದೆ ಎನ್ನುವಂತೆ ಹೇಳಿದರು.

ಹಾಳೆಯನ್ನು ಇವತ್ತು ಎರಡು ಸಲ ಹರಿಯಲು ತೆಗೆದೆ. ಒಮ್ಮೆ ಅಂಚು ಸ್ವಲ್ಪ ಹರಿಯಿತು ಕೂಡ. ನಾನು ಹೇಳಿದರೆ ಏನಾಗುತ್ತದೆ ಎಂದು ಮನಸ್ಸಿನಲ್ಲೇ ಎಲ್ಲರ ಮುಖ ನೋಡಿದೆ. ಸಂಗುವಿನ ಮುಖದ ಹತ್ತಿರ ಬಂದಾಗ ನಿಂತುಬಿಡುತ್ತೇನೆ. ಮದುವೆಯಾಗಿ ಎಷ್ಟು ದಿನವಾಯಿತೋ ಎಣಿಸಿಲ್ಲ.

ನಾಳೆ ಮನೆಗೆ ಬಿಡುತ್ತಾರೆ.

ಏಪ್ರಿಲ್ 23, ಬುಧವಾರ

ಹೇಳಿದೆ.

ಹನ್ನೊಂದಕ್ಕೆ ನಾಹಿದಾ ಹೊಸ ಹಾಳೆ, ಹೊಸ ಪಾಕೀಟುಗಳು, ಒಂದು ಖಾಲಿ ಲೀಟರ್ ಬಾಟಲಿ ಹಿಡಿದು ಬಂದಳು. ಮನೆಯಲ್ಲಿ ಔಷಧ ಯಾರು ಕೊಡುತ್ತೀರಿ, ಅವರಿಗೆ ಹೇಳುತ್ತೇನೆ ಎಂದಳು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ದೂಡಿದರು. ಅಕ್ಕ ಹಾಸಿಗೆಯ ಆಚೆ ಬದಿಗೆ ಹೋಗಿ ಕೂಸಿನ ಅಂಗಿ ಮಡಿಸತೊಡಗಿದಳು. ಸಂಗು ರಜೆ ಹಾಕಿ ಬಂದಿದ್ದ. ಭಾವ ಬಾಗಿಲಲ್ಲಿದ್ದರು.

ನಾಹಿದಾ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಾನು ಪರ್ಸಿನಿಂದ ಹಳೆಯ ಹಾಳೆ ತೆಗೆದು ಹಾಸಿಗೆಯ ಮೇಲೆ ಇಟ್ಟೆ.

“ಅಕ್ಕಾಗ ಹೇಳ್ರಿ” ಎಂದೆ. “ಮದಲ್ನೇ ಸಲ ನನಗ ಹೇಳಿದ್ರಿ. ನಾ ಕೇಳಲಿಲ್ಲ. ಫೋನ ನೋಡ್ಕೋತ ಸಹಿ ಮಾಡಿದೆ. ಈ ಹಾಳಿ ಅಕ್ಕಾಗ ಕೊಡಲೇ ಇಲ್ಲ. ಎಷ್ಟ ನೀರು ಅಂತ ಆಕಿ ನನ್ನ ಕೇಳಿದ್ಲು. ಒಂದ ಗ್ಲಾಸ ಅಂದಾಕಿ ನಾನ.”

ಅಷ್ಟು ಹೇಳಲು ಎಷ್ಟು ಹೊತ್ತು ಬೇಕು? ಒಂದು ನಿಮಿಷವೂ ಇಲ್ಲ. ಐದು ದಿನ ಹಿಡಿಯಿತು.

ಅತ್ತೆಯ ಕೈ ನನ್ನ ಬೆನ್ನಿನ ಮೇಲಿಂದ ಹೋಗಿದ್ದು ಗೊತ್ತಾಯಿತು. ಭಾವ ದಾನಮ್ಮಕ್ಕನನ್ನು ನೋಡಿದರು, ಏನೋ ಹೇಳಲು ಹೋಗಿ, ಚಹಾ ತರುತ್ತೇನೆ ಎಂದು ಹೊರಗೆ ಹೋದರು. ಚಹಾ ಯಾರೂ ಕೇಳಿರಲಿಲ್ಲ. ಸಂಗು ಹಳೆಯ ಹಾಳೆ ಎತ್ತಿಕೊಂಡು ಕೆಳಗಿನ ಸಹಿ ನೋಡಿದ. ಬಹಳ ಹೊತ್ತು ನೋಡಿದ.

ನಾಹಿದಾ ನನ್ನ ಕಡೆ ಚಾಚಿದ್ದ ಹೊಸ ಹಾಳೆಯನ್ನು ಹಿಂದೆ ತೆಗೆದುಕೊಂಡಳು. ಆಮೇಲೆ, “ನಮ್ಮದೂ ತಪ್ಪೈತ್ರಿ” ಎಂದಳು. “ಸಹಿ ಮಾಡಾವ್ರಿಗೆ ಹೇಳಿದ್ವಿ. ಕೂಸು ಎತ್ಕೊಂಡು ನಿಂತಾಕಿನ್ನ ಕೇಳಲಿಲ್ಲ.” ಹಾಸಿಗೆಯ ಆಚೆ ಬದಿಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತಳು.

ಬಾಟಲಿಯನ್ನು ಅಕ್ಕನ ಕೈಗೇ ಕೊಟ್ಟಳು. ನೀರು ತುಂಬಿಸಿದಳು, ಒಂದು ಪಾಕೀಟು ಪೂರ್ತಿ ಹಾಕಿಸಿದಳು, ರುಚಿ ನೋಡಿಸಿದಳು. ಕಣ್ಣೀರಿನಷ್ಟು ಉಪ್ಪಿರಬೇಕು, ಅದಕ್ಕಿಂತ ಹೆಚ್ಚಾದರೆ ಚೆಲ್ಲಬೇಕು ಎಂದಳು. ಕಲಸಿದ್ದನ್ನು ಮರುದಿನಕ್ಕೆ ಇಡಬಾರದು. ಬರೀ ನೀರು, ತಾಯಿಯ ಹಾಲು ಯಾವುದನ್ನೂ ತಪ್ಪಿಸಬಾರದು. ಯಾವಾಗ ಓಡಿ ಬರಬೇಕು ಎಂಬುದನ್ನೂ ಹೇಳಿದಳು. ಎಲ್ಲ ಹೇಳಿ ಮುಗಿದ ಮೇಲೆ ತಿಳಿಯಿತೇ ಎಂದು ಕೇಳಲಿಲ್ಲ.

“ಈಗ ನೀವು ನನಗ ಹೇಳ್ರಿ, ಅಕ್ಕಾರ. ನಾನ ತಾಯಿ, ನೀವ ನರ್ಸ ಅನ್ಕೋರಿ.”

ಅಕ್ಕ ಮೊದಲು ಅತ್ತೆಯ ಕಡೆ ನೋಡಿದಳು. ಆಮೇಲೆ ಬಾಟಲಿ ನೋಡುತ್ತ ಒಂದೊಂದಾಗಿ ಹೇಳಿದಳು. ಒಂದನ್ನೂ ಬಿಡಲಿಲ್ಲ. ಉಪ್ಪಿನ ಮಾತನ್ನು ಮಾತ್ರ ಎರಡು ಸಲ ಹೇಳಿದಳು.

ಹಾಳೆಗೆ ಅವಳೇ ಸಹಿ ಮಾಡಿದಳು. ಕನ್ನಡದಲ್ಲಿ, ಬಿಡಿ ಬಿಡಿ ಅಕ್ಷರ, ದಾನಮ್ಮ ಹಳ್ಳೂರ. ಸಹಿ ಮಾಡುವ ಮೊದಲು, ಈ ಕೆಳಗಿನ ಇಂಗ್ಲಿಷಿನಲ್ಲಿ ಏನು ಬರೆದಿದೆ ಎಂದು ನಾಹಿದಾಳನ್ನು ಕೇಳಿದಳು. ನನ್ನನ್ನು ಕೇಳಲಿಲ್ಲ.

ಕಾರಿಡಾರಿನಲ್ಲಿ ಅಕ್ಕನ ಜೊತೆ ಹೆಜ್ಜೆ ಹಾಕಿ, ಶುಕ್ರವಾರ ಡಾಕ್ಟರು ಕೇಳಿದಾಗ ನೀವೇ ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದೆ. ಅವಳು ನಿಂತಳು.

“ನಾ ಹೇಳಿದ್ರ ಅದು ನೆಗೆಣ್ಣ್ಯಾರ ಜಗಳ ಆಕ್ಕಿತ್ತು. ಏಳನೇತ್ತೆ ಕಲತಾಕಿ ಮಾತು ಯಾರ ಕೇಳ್ತಿದ್ರು? ನೀ ಹೇಳ್ತಿ ಅಂತ ಹಾದಿ ನೋಡಿದ್ನಿ. ದಿನಾ ನೋಡಿದ್ನಿ. ಆ ಚೀಲ ನಿನ್ನ ತೊಡಿ ಮ್ಯಾಲೆ ಇಟ್ಟಾಗೂ ನೋಡಿದ್ನಿ.”

ನಾನು ತಪ್ಪಾಯಿತು ಎಂದೆ.

“ಈಗ ಏನೂ ಅನಬ್ಯಾಡ” ಎಂದು ಹೇಳಿ ಮುಂದೆ ಹೋದಳು.

ಏಪ್ರಿಲ್ 24, ಗುರುವಾರ

ಸಂಗು ಕೇಳಿದ್ದು ಒಂದೇ. “ನನಗರ ಹೇಳಬೇಕಿತ್ತಲ್ಲ?” ಡಬ್ಬಿ ಕಟ್ಟಿಕೊಟ್ಟೆ. ತೆಗೆದುಕೊಂಡು ಹೋದ.

ಏಪ್ರಿಲ್ 27, ಭಾನುವಾರ

ಈ ಭಾನುವಾರವೂ ಐಹೊಳೆಯ ಮಾತು ಯಾರೂ ಎತ್ತಲಿಲ್ಲ.

ಅತ್ತೆ ನನ್ನ ಜೊತೆ ಮಾತಾಡುತ್ತಾರೆ, ಆದರೆ ಬೇಕಾದಷ್ಟು ಮಾತ್ರ. ನಿನ್ನೆ ನೀರಿನ ಬಿಲ್ಲು ಬಂದಾಗ ಓದಲು ನನಗೆ ಕೊಡದೆ ಭಾವ ಬರಲಿ ಎಂದು ದೇವರ ಕೋಣೆಯಲ್ಲಿ ಇಟ್ಟರು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಸರಿಯಾಗಿಯೇ ಇದೆ.

ಭಾವ ದಾನಮ್ಮಕ್ಕನ ಕ್ಷಮೆ ಕೇಳಿದರೋ ಇಲ್ಲವೋ ಗೊತ್ತಿಲ್ಲ. ಬಾಯಿಬಿಟ್ಟು ಕೇಳುವ ಜಾತಿಯಲ್ಲ ಅವರದು. ಅಂಗಡಿಯಿಂದ ಲೀಟರಿನ ಗುರುತಿದ್ದ ಒಂದು ಪ್ಲಾಸ್ಟಿಕ್ ಅಳತೆಪಾತ್ರೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೋಗಿದ್ದಾರೆ. ಅಕ್ಕ ಅದನ್ನು ಎರಡು ದಿನ ಮುಟ್ಟಲಿಲ್ಲ. ಇವತ್ತು ತೊಳೆದು ಬಿಸಿಲಿಗೆ ಇಟ್ಟಿದ್ದಳು.

ಕೂಸು ಗೋಡೆ ಹಿಡಿದು ನಡೆಯುತ್ತಾನೆ. ಮೊದಲಿನ ಹಾಗೆಯೇ ನಡೆಯುತ್ತಾನೆಯೇ ಎಂದು ನಾನು ದಿನವಿಡೀ ಅವನ ಬಲಗಾಲನ್ನೇ ನೋಡುತ್ತಿರುತ್ತೇನೆ. ಅವನನ್ನು ಎತ್ತಿಕೊಳ್ಳಲು ಕೇಳಿಲ್ಲ. ಅಕ್ಕನೂ ಕೊಟ್ಟಿಲ್ಲ.

ಸಂಗು ಸಂಜೆ ಹಿತ್ತಲಿಗೆ ಬಂದು ನಾನು ಪಾತ್ರೆ ತಿಕ್ಕುವಲ್ಲಿ ಕೂತ. ತಿಕ್ಕಿದ್ದನ್ನು ತೊಳೆದು ಬುಟ್ಟಿಗೆ ಹಾಕಿದ. ಎಲ್ಲ ಪಾತ್ರೆ ಮುಗಿಯುವವರೆಗೆ ಕೂತಿದ್ದ.

ಮೇ 2, ಶುಕ್ರವಾರ

ದಾನಮ್ಮಕ್ಕನ ತಾಯಿಗೆ ಹುಷಾರಿಲ್ಲವೆಂದು ಐಹೊಳೆಯಿಂದ ಫೋನು ಬಂತು. ಹೋಗಿ ಸಂಜೆಯೊಳಗೆ ಬರಬೇಕು. ಬಿಸಿಲಿನಲ್ಲಿ ಕೂಸನ್ನು ಒಯ್ಯುವಂತಿಲ್ಲ. ಅತ್ತೆ ಹುನಗುಂದಕ್ಕೆ ಒಂದು ಮದುವೆಗೆ ಹೋಗಿದ್ದರು. ಮನೆಯಲ್ಲಿ ಇದ್ದವಳು ನಾನೊಬ್ಬಳೇ.

ಅವಳು ಸೀರೆ ಉಟ್ಟು ತಯಾರಾಗಿ, ಕೂಸನ್ನು ಎತ್ತಿಕೊಂಡು, ಅಡುಗೆಮನೆಯಲ್ಲಿ ಸುಮ್ಮನೆ ಅತ್ತ ಇತ್ತ ತಿರುಗುತ್ತಿದ್ದಳು. ಮೀರಾಸಾಬರು ಹೊರಗೆ ಎರಡು ಸಲ ಹಾರ್ನ್ ಹಾಕಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನಾನು ನೋಡಿಕೊಳ್ಳುತ್ತೇನೆ ಎನ್ನುವ ಧೈರ್ಯ ಇರಲಿಲ್ಲ.

ಕೊನೆಗೆ ಅವಳು ಅಳತೆಪಾತ್ರೆಯನ್ನೂ ಒಂದು ಪಾಕೀಟನ್ನೂ ನನ್ನ ಮುಂದೆ ಇಟ್ಟಳು.

“ಭೇದಿ ಮತ್ತ ಚಾಲೂ ಆದ್ರ ಏನ ಮಾಡ್ತಿ? ಹೇಳು.”

ನಾನು ಹೇಳಿದೆ. ಒಂದು ಪಾಕೀಟು, ಒಂದು ಲೀಟರ್, ಕುದಿಸಿ ಆರಿಸಿದ ನೀರು. ಚಮಚದಲ್ಲಿ, ಸ್ವಲ್ಪ ಸ್ವಲ್ಪ. ನೀರು ಕೇಳಿದರೆ ನೀರನ್ನೂ ಕೊಡುತ್ತೇನೆ. ತಂಬಿಗೆ ಎತ್ತಿಡುವುದಿಲ್ಲ.

“ಉಪ್ಪು?”

“ಕಣ್ಣೀರಿನಷ್ಟು.”

“ಯಾವಾಗ ಫೋನ ಮಾಡ್ತಿ?”

ಅದನ್ನೂ ಹೇಳಿದೆ. ಮಂಕಾದರೆ, ಕುಡಿಯದಿದ್ದರೆ, ಆರು ತಾಸು ಉಚ್ಚೆ ಹೊಯ್ಯದಿದ್ದರೆ. ಗೊತ್ತಾಗದಿದ್ದರೂ ಫೋನ್ ಮಾಡುತ್ತೇನೆ ಎಂದೆ. ಗೊತ್ತಿಲ್ಲ ಅಂತ ಹೇಳುತ್ತೇನೆ ಎಂದೆ.

ಅವಳು ನನ್ನ ಮುಖ ನೋಡಿದಳು. ಆಸ್ಪತ್ರೆಯಲ್ಲಿ ನೋಡಿದಷ್ಟೇ ಹೊತ್ತು. ಈ ಸಲ ನಾನು ಕಣ್ಣು ತೆಗೆಯಲಿಲ್ಲ.

“ಇನ್ನೊಮ್ಮೆ ಹೇಳು” ಎಂದಳು.

ಮೊದಲಿನಿಂದ ಹೇಳಿದೆ. ನಾನು ಹೇಳುತ್ತಿರುವಾಗಲೇ ಅವಳು ಕೂಸಿನ ಕೈಯನ್ನು ತನ್ನ ಕೊರಳಿನಿಂದ ಬಿಡಿಸಿ, ಅವನನ್ನು ನನ್ನ ಕಂಕುಳಿಗೆ ಕೊಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ವ್ಯಾನು ಓಣಿ ದಾಟುವವರೆಗೂ ಹೇಳಿದೆ.